ಗಂಗರತ್ನಮ್ಮ ಹೇಳಿದ ಹಂಡೆ ಪಿಚ್ಚರ್

ಬಳೇಪೇಟೆಯ ಆ ಓಣಿಯಲ್ಲಿ ಒಂದು ಮಾತಿತ್ತು: "ಜ್ವರಕ್ಕೆ ಡಾಕ್ಟ್ರು, ಬೇಜಾರಿಗೆ ಗಂಗರತ್ನಮ್ಮ." ಇನ್ನೊಂದು ಮಾತೂ ಇತ್ತು. ಅದನ್ನು ಸ್ವಲ್ಪ ದನಿ ತಗ್ಗಿಸಿ ಆಡುತ್ತಿದ್ದರು: "ಆಯಮ್ಮನ್ನ ಒಂದು ಪಿಚ್ಚರ್ ಹೇಳಿ ಅಂದ್ರೆ ಸಾಕು, ನಮ್ಮನೆ ಸಮಾಚಾರವೆಲ್ಲ ಕೇಳ್ತಾರೆ. ಹೆಣ್ಣು ನೋಡೋಕೆ ಬಂದೋರೂ ಅಷ್ಟು ಕೇಳಲ್ಲ."

ಎರಡೂ ನಿಜವೇ. ಉಪ್ಪಾರಪೇಟೆಯ ಒಂದು ಟಾಕೀಸಿನಲ್ಲಿ ಇಪ್ಪತ್ತಾರು ವರ್ಷ ಹೆಂಗಸರ ಬಾಗಿಲಲ್ಲಿ ನಿಂತು ಟಿಕೆಟ್ ಹರಿದವರು, ಟಾರ್ಚ್ ಬಿಟ್ಟು ಸೀಟು ತೋರಿಸಿದವರು ಗಂಗರತ್ನಮ್ಮ. ಪರದೆ ನೋಡಿದ್ದು ಕಡಿಮೆ. ಪರದೆಗೆ ಬೆನ್ನು ಮಾಡಿ ಜನರ ಮುಖ ನೋಡಿದ್ದೇ ಹೆಚ್ಚು. ಹಾಗೆ ನೋಡಿ ನೋಡಿ ನಗುವನ್ನು ಮೂರು ಪಾಲು ಮಾಡಿಟ್ಟಿದ್ದರು: ತುಟಿ ನಗು, ಭುಜದ ನಗು, ಹೊಟ್ಟೆ ನಗು. ಯಾವ ಪಿಚ್ಚರಿಗೆ ಎಷ್ಟನೇ ನಿಮಿಷಕ್ಕೆ ಯಾವ ನಗು ಬರುತ್ತದೆ ಎನ್ನುವುದು ಅವರಿಗೆ ಬಾಯಿಪಾಠ. ಪಿಚ್ಚರಿನ ಹೆಸರು ಮಾತ್ರ ನಾಲಿಗೆಗೆ ಬರದು. ಹಲ್ಲುಸೆಟ್ಟಿನ ಪಿಚ್ಚರ್, ಹಂಡೆ ಪಿಚ್ಚರ್ ಅಂತ ಸೀನು ಹೇಳಿದರೆ ಕೇಳಿದವರು ಹುಡುಕಿಕೊಳ್ಳಬೇಕು.

ಟಾಕೀಸು ಕೆಡವಿದ ಮೇಲೂ ಯಾವ ಪಿಚ್ಚರ್ ನೋಡಲಿ ಅಂತ ಜನ ಕೇಳುವುದು ನಿಲ್ಲಲಿಲ್ಲ. ಕೇಳಿದವರಿಗೆ ಮೊದಲು ಮೂರು ಪ್ರಶ್ನೆ. ಪಕ್ಕದಲ್ಲಿ ಯಾರು ಕೂತ್ಕೋತಾರೆ? ಊಟ ಆಗಿರುತ್ತಾ? ಮನೇಲಿ ಈಚೆಗೆ ಯಾರಾದ್ರೂ ಹೋಗಿದಾರಾ? ಈ ಮೂರನೆಯದು ನಡುವೆ ಸೇರಿಕೊಂಡದ್ದು. ಸತ್ತವನು ಚಟ್ಟದಿಂದ ಎದ್ದು ಕಾಫಿ ಕೇಳುವ ಪಿಚ್ಚರನ್ನು ಹನ್ನೊಂದನೇ ದಿನ ಕಳೆಯದ ಮನೆಗೆ ಹೇಳಿಬಿಟ್ಟಿದ್ದರು ಒಮ್ಮೆ.

ಪ್ರಶ್ನೆ ಮುಗಿದ ಮೇಲೆ ಕಟ್ಟಪ್ಪಣೆ. "ಬಾಗಿಲು ಹಾಕ್ಕೊಳಿ. ಫೋನ್ ಎಲ್ಲ ಆಫ್ ಮಾಡಿ ಅಡುಗೆಮನೇಲಿ ಇಡಿ. ಯಾರು ಬೆಲ್ ಮಾಡಿದ್ರೂ ಏಳ್ಬೇಡಿ. ಅರ್ಧಕ್ಕೆ ನಿಂತ ನಗು ಒಡೆದ ಹಾಲು ಇದ್ದಂಗೆ, ಮತ್ತೆ ಕೂಡಲ್ಲ."

ಈ ಅಪ್ಪಣೆಯನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದವರು ಚಾಮರಾಜಪೇಟೆಯ ಶೈಲಜಮ್ಮ. ಅವರ ಯಜಮಾನರು ಮಲ್ಲಿಕಾರ್ಜುನಯ್ಯ, ಚಿಕ್ಕಪೇಟೆಯಲ್ಲಿ ಬಟ್ಟೆ ಸಗಟು ವ್ಯಾಪಾರ. ಹದಿನೇಳು ವರ್ಷದಿಂದ ಗಂಗರತ್ನಮ್ಮ ತಿಂಗಳಿಗೊಮ್ಮೆ ಅವರ ಮನೆಗೆ ಹೋಗಿ, ಜಗಲಿಯ ಬೆಂಚಿನ ಮೇಲೆ ಕೂತು, ಪಿಚ್ಚರ್ ಹೇಳಿ, ಕಾಫಿ ಕುಡಿದು ಬರುತ್ತಿದ್ದರು. ಒಳಗೆ ಬನ್ನಿ ಎಂದು ಅವರು ಅಂದಿರಲಿಲ್ಲ, ಬರುತ್ತೇನೆ ಎಂದು ಇವರೂ ಅಂದಿರಲಿಲ್ಲ.

ಒಂದು ಗುರುವಾರ ಮಧ್ಯಾಹ್ನ ಶೈಲಜಮ್ಮನ ಫೋನ್ ಬಂತು.

"ಗಂಗರತ್ನಮ್ಮ, ಚೆನ್ನಾಗಿ ನಗೋ ಪಿಚ್ಚರ್ ಒಂದು ಹೇಳಿ. ಇವರು ಮುಖ ಗಂಟು ಹಾಕ್ಕೊಂಡು ಮನೇಲೇ ಕೂತಿದಾರೆ."

"ಯಾಕಮ್ಮ, ಅಂಗಡಿಗೆ ಹೋಗಿಲ್ವಾ?"

ಶೈಲಜಮ್ಮ ಸ್ವಲ್ಪ ತಡೆದು, "ಇನ್ನೂ ಹೊಲಿಗೆ ಬಿಚ್ಚಿಲ್ಲವಲ್ಲ," ಎಂದರು.

ಗಂಗರತ್ನಮ್ಮನಿಗೆ ಇದರಲ್ಲಿ ಏನೂ ಹೊಸದು ಕಾಣಲಿಲ್ಲ. ಅವರ ಗಂಡ ದಾಸಪ್ಪ ಚಿಕ್ಕಪೇಟೆಯಲ್ಲಿ ಮೂವತ್ತು ವರ್ಷ ಮೂಟೆ ಹೊತ್ತವರು. ಅಲ್ಲಿಗೆ ಬಟ್ಟೆ ಬರುವುದು ಗೋಣಿ ಸುತ್ತಿ ಹೊಲಿದ ಬೇಲುಗಳಲ್ಲಿ. ಬೇಲ್ ಬಂದು, ಅದರ ಹೊಲಿಗೆ ಬಿಚ್ಚಿ, ಮಾಲು ಹೊರಗೆ ಬರುವವರೆಗೆ ಸಾಹುಕಾರರಿಗೆ ಕೆಲಸವಿಲ್ಲ. ಹೊಲಿಗೆ ಬಿಚ್ಚಿಲ್ಲ ಎಂದರೆ ಆ ಮನೆಯಲ್ಲಿ ಅದೇ ಅರ್ಥ. ಮೂರೂ ಪ್ರಶ್ನೆ ಕೇಳಿದರು, ಮೂರಕ್ಕೂ ಸರಿಯಾದ ಉತ್ತರ ಬಂತು.

"ಹಾಗಾದ್ರೆ ಹಂಡೆ ಪಿಚ್ಚರ್ ಹಾಕಮ್ಮ. ಮೂರು ಜನ ಅಳಿಯಂದಿರು ಮಾವನಿಗೆ ಹೆದರಿ ಬಚ್ಚಲಲ್ಲಿ ಬಚ್ಚಿಟ್ಕೋತಾರಲ್ಲ, ಅದು. ಐವತ್ತನೇ ನಿಮಿಷಕ್ಕೆ ಮಾವ ಹಂಡೆ ಮುಚ್ಚಳ ತೆಗೀತಾನೆ ನೋಡಿ. ನಮ್ಮ ಟಾಕೀಸಲ್ಲಿ ಹೊಟ್ಟೆ ಹಿಡ್ಕೊಳ್ಳದೆ ಎದ್ದೋರೇ ಇಲ್ಲ."

"ಐದು ಗಂಟೆಗೆ ಕಾಫಿ ಕುಡಿದು ಕೂತ್ಕೋತೀವಿ," ಎಂದರು ಶೈಲಜಮ್ಮ.

ಐದೂ ಕಾಲಿಗೆ ದಾಸಪ್ಪ ಮನೆಗೆ ಬಂದರು. ಗಂಗರತ್ನಮ್ಮ ಲೋಟ ಮುಂದಿಡುತ್ತ ಶೈಲಜಮ್ಮನ ಫೋನಿನ ವಿಷಯ ಮಾತಿಗೆ ಹೇಳಿದರು.

"ಯಾವ ಹೊಲಿಗೆ?" ಎಂದರು ದಾಸಪ್ಪ. "ಆ ಅಂಗಡಿಗೆ ತಿಂಗಳಿಂದ ಒಂದು ಬೇಲೂ ಇಳಿದಿಲ್ವಲ್ಲೇ."

"ಅವರೇ ಅಂದ್ರು."

ದಾಸಪ್ಪ ಲೋಟ ಕೆಳಗಿಟ್ಟರು. "ಅದು ಗೋಣಿ ಹೊಲಿಗೆ ಅಲ್ಲ ಕಣೆ. ಅಯ್ಯನವರ ಹೊಟ್ಟೆ ಹೊಲಿಗೆ. ಗುಮಾಸ್ತ ಈಶ್ವರ್ ಇವತ್ತು ಬೆಳಿಗ್ಗೆ ಬಾಯಿಬಿಟ್ಟ. ಪೇಟೆಗೆ ಗೊತ್ತಾಗ್ಬಾರ್ದು ಅಂತ ಮುಚ್ಚಿಟ್ಟಿದಾರೆ. ಆಪರೇಷನ್ ಆಗಿ, ಕೆಮ್ಮಿ ಹೊಲಿಗೆ ಬಿಟ್ಕೊಂಡು, ಮತ್ತೆ ಹಾಕಿದಾರಂತೆ. ಇನ್ನೊಂದ್ಸಲ ಬಿಟ್ಕೊಂಡ್ರೆ ಆಯಪ್ಪನ ಹಾರ್ಟು ತಡೆಯಲ್ಲ ಅಂದಿದಾರಂತೆ ಡಾಕ್ಟ್ರು."

ಗಂಗರತ್ನಮ್ಮ ಗೋಡೆಯ ಗಡಿಯಾರ ನೋಡಿದರು. ಐದೂ ಇಪ್ಪತ್ತು. ಹಂಡೆ ಸೀನಿಗೆ ಇನ್ನು ಅರ್ಧ ಗಂಟೆ.

ಶೈಲಜಮ್ಮನ ಫೋನ್ ಆಫ್. ಅಯ್ಯನವರದೂ ಆಫ್. ಸೊಸೆ ಮಾನ್ಯಳದೂ ಆಫ್. ಮೂರೂ ಅಡುಗೆಮನೆಯಲ್ಲಿ ಸಾಲಾಗಿ ಮಲಗಿರಬೇಕು, ಇವರು ಹೇಳಿಕೊಟ್ಟ ಹಾಗೆ.

"ನೀವು ಮಾಡ್ತಾನೇ ಇರಿ," ಎಂದು ಫೋನನ್ನು ಗಂಡನ ಕೈಗೆ ತುರುಕಿ ಹೊರಟರು. ಓಣಿಯ ತುದಿಯಲ್ಲಿ ಆಟೋ ಸಿಕ್ಕಿತು. ಚಿಕ್ಕಪೇಟೆ ಸರ್ಕಲ್ಲಿಗೆ ಬರುವಷ್ಟರಲ್ಲಿ ತಳ್ಳುಗಾಡಿಗಳ ನಡುವೆ ಸಿಕ್ಕಿಹಾಕಿಕೊಂಡಿತು. ಡ್ರೈವರ್ ಇಂಜಿನ್ ಆಫ್ ಮಾಡಿ ಹಿಂದೆ ತಿರುಗಿದ.

"ಅಮ್ಮ, ಇದು ಆರು ಗಂಟೆಗೂ ಬಿಡಲ್ಲ. ಅಷ್ಟು ಅರ್ಜೆಂಟಾ?"

"ಒಬ್ರು ನಗ್ತಾರಪ್ಪ, ಅದಕ್ಕೆ ಮುಂಚೆ ಹೋಗ್ಬೇಕು."

ಅವನು ಏನೋ ಕೇಳಲು ಬಾಯಿ ತೆರೆಯುವುದರೊಳಗೆ ಇಳಿದಿದ್ದರು. ಬಲಮಂಡಿ ಮೊದಲೇ ಕೆಟ್ಟದ್ದು. ಬಟ್ಟೆ ಮೂಟೆ ಹೊತ್ತವರ ಹಿಂದೆಯೇ ನಡೆದರು, ಏಕೆಂದರೆ ಆ ಸಂದಿಗಳಲ್ಲಿ ಜನ ದಾರಿ ಬಿಡುವುದು ಮೂಟೆಗೆ ಮಾತ್ರ. ಮಾರ್ಕೆಟ್ ದಾಟುವಾಗ ತಲೆಯೊಳಗೆ ಪಿಚ್ಚರ್ ಓಡುತ್ತಿತ್ತು. ಈಗ ಮೊದಲ ಅಳಿಯ ಬಂದ, ತುಟಿ ನಗು. ಈಗ ಎರಡನೆಯವನು ಹಿತ್ತಿಲಿನಿಂದ ಬಂದ. ಈಗ ಮಾವನ ಊರುಗೋಲಿನ ಸದ್ದು, ಭುಜದ ನಗು ಶುರು. ಬೇರೆ ದಿನವಾಗಿದ್ದರೆ ಈ ಲೆಕ್ಕಕ್ಕೆ ಹೆಮ್ಮೆ ಪಡುತ್ತಿದ್ದರು. ಇಂದು ಒಂದೊಂದು ಸೀನೂ ಎದೆಗೆ ಗುದ್ದಿದಂತಿತ್ತು.

ಮನೆಯ ಮುಂದೆ ನಿಂತಾಗ ಉಸಿರಿರಲಿಲ್ಲ. ಬಾಗಿಲು ಹಾಕಿತ್ತು. ಬೆಲ್ ಒತ್ತಿದರು, ಬಡಿದರು. ಕೂಗಲು ಏದುಸಿರಿಗೆ ದನಿಯೇ ಹೊರಡಲಿಲ್ಲ. ಒಳಗಿನಿಂದ ಟೀವಿಯ ಸದ್ದು ಜೋರಾಗಿ ಬರುತ್ತಿತ್ತು. ಬಚ್ಚಲಲ್ಲಿ ನೀರು ತೊಟ್ಟಿಕ್ಕುವ ಟಪ್ ಟಪ್. ಅಂದರೆ ಮೂವರು ಅಳಿಯಂದಿರೂ ಬಚ್ಚಲು ಸೇರಿ ಆಯಿತು. ಮಾವ ಬಾಗಿಲ ಹೊರಗಿದ್ದಾನೆ. ಇನ್ನು ಎರಡು ನಿಮಿಷ.

"ಯಾರೋ ಬಂದ್ರು ಅನ್ಸುತ್ತೆ ಅತ್ತೆ," ಎಂಬ ಮಾನ್ಯಳ ದನಿ.

"ಏಳ್ಬೇಡ. ಗಂಗರತ್ನಮ್ಮ ಹೇಳಿದಾರೆ," ಎಂದರು ಶೈಲಜಮ್ಮ.

ಜಗಲಿಯಲ್ಲಿ, ಬೆಂಚಿನ ಮೇಲ್ಗಡೆ ಗೋಡೆಗೆ ಮೀಟರ್ ಪೆಟ್ಟಿಗೆ. ಹದಿನೇಳು ವರ್ಷ ಅದರ ಕೆಳಗೇ ಕೂತವರು. ಬೆಂಚು ಹತ್ತಿ ಮೇನ್ ಸ್ವಿಚ್ ಕೆಳಗೆಳೆದರು.

ಮನೆ ಒಂದು ಕ್ಷಣ ಕತ್ತಲಾಯಿತು. ಮರುಕ್ಷಣ ಒಳಗೆ ಯುಪಿಎಸ್ ಕುಂಯ್ ಎಂದಿತು, ಟೀವಿ ಮತ್ತೆ ಮಾತಾಡಿತು. ಗಂಗರತ್ನಮ್ಮ ಬೆಂಚಿನ ಮೇಲೆ ನಿಂತಲ್ಲೇ ಕಣ್ಣು ಮುಚ್ಚಿಕೊಂಡರು.

ಅಷ್ಟರಲ್ಲಿ ಚಿಲಕ ಸರಿಯಿತು. ಬೀದಿಯಲ್ಲೆಲ್ಲ ಕರೆಂಟ್ ಹೋಗಿದೆಯೇ ಎಂದು ನೋಡಲು ಮಾನ್ಯ ತಲೆ ಹೊರಗೆ ಹಾಕಿದ್ದಳು. ಗಂಗರತ್ನಮ್ಮ ಅವಳನ್ನು ಸರಿಸಿ ಒಳಗೆ ನುಗ್ಗಿದರು. ಕಾಲಲ್ಲಿ ಚಪ್ಪಲಿ ಹಾಗೇ ಇತ್ತು.

ಮಲ್ಲಿಕಾರ್ಜುನಯ್ಯ ಆರಾಮಕುರ್ಚಿಯಲ್ಲಿದ್ದರು. ತುಟಿ ದಾಟಿ ಆಗಿತ್ತು. ಭುಜ ಕುಣಿಯುತ್ತಿತ್ತು. ಒಂದು ಕೈ ಹೊಟ್ಟೆಯ ಕಡೆ ಇಳಿಯುತ್ತಿತ್ತು. ಇಪ್ಪತ್ತಾರು ವರ್ಷ ಕತ್ತಲಲ್ಲಿ ನೋಡಿದ ಮುಖ ಅದು. ಇನ್ನು ಮೂರೆಣಿಸುವಷ್ಟರಲ್ಲಿ ಒಡೆಯುತ್ತದೆ. ಗಂಗರತ್ನಮ್ಮ ಟೀವಿಗೆ ಅಡ್ಡ ನಿಂತು ಸೆರಗು ಅಗಲಿಸಿ ಹಿಡಿದರು.

"ಆಫ್ ಮಾಡವ್ವ ಮಾನ್ಯ."

ಸದ್ದು ನಿಂತಿತು. ಅಯ್ಯನವರ ಭುಜ ನಿಲ್ಲಲಿಲ್ಲ. ಕೆದರಿದ ಕೂದಲು, ಅಗಲಿಸಿದ ಸೆರಗು ನೋಡಿ ಅದು ಇನ್ನೂ ಹೆಚ್ಚಾಯಿತು.

"ಏನ್ರೀ ಗಂಗರತ್ನಮ್ಮ ಇದು," ಎಂದರು ಉಸಿರು ಕಟ್ಟಿಕೊಂಡು. "ಹಂಡೇಲಿ ಇರೋನು ಯಾರು? ಅದಾದ್ರೂ ಹೇಳಿ."

ನಗಬೇಡಿ ಎಂದರೆ ನಗು ಉಕ್ಕುತ್ತದೆ. ಅದು ಗಂಗರತ್ನಮ್ಮನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮುಖವನ್ನು ಕಲ್ಲು ಮಾಡಿಕೊಂಡರು.

"ಯಾರೂ ಇಲ್ಲ ಸ್ವಾಮಿ. ಹಂಡೇಲಿ ನೀರಿದೆ."

"ಆಮೇಲೆ?"

"ಮಾವ ಮುಖ ತೊಳ್ಕೊಂಡು ಹೋಗ್ತಾನೆ. ದೊಡ್ಡಳಿಯನಿಗೆ ಕೆಲಸ ಹೋಗುತ್ತೆ. ಅತ್ತೆಗೆ ಸಕ್ಕರೆ ಕಾಯಿಲೆ. ಎಲ್ರೂ ಆಸ್ಪತ್ರೇಲಿ ಚೀಟಿ ಬರೆಸೋಕೆ ಕ್ಯೂ ನಿಲ್ತಾರೆ. ತುಂಬಾ ಹೊತ್ತು ನಿಲ್ತಾರೆ."

ಹೇಳುತ್ತಲೇ ದಿಂಬೊಂದನ್ನು ಎತ್ತಿ ಅವರ ಹೊಟ್ಟೆಗೆ ಒತ್ತಿ ಹಿಡಿದರು. ಶೈಲಜಮ್ಮನಿಗೆ ಆಗ ತಿಳಿಯಿತು, ಮುಖ ಬಿಳಿಚಿತು. ಕೆಮ್ಮಬಾರದು, ತಿಣುಕಬಾರದು ಎಂದಿದ್ದರು ಡಾಕ್ಟರು. ನಗಬಾರದು ಎಂದು ಹೇಳಿರಲಿಲ್ಲ, ಆ ಮನೆಯಲ್ಲಿ ಯಾರೂ ಯೋಚಿಸಿರಲೂ ಇಲ್ಲ.

ಭುಜ ಕುಣಿಯಿತು, ತಡೆಯಿತು, ಮತ್ತೊಮ್ಮೆ ಕುಣಿಯಿತು. ಗಂಗರತ್ನಮ್ಮ ಕ್ಯೂ ಬಗ್ಗೆ ಹೇಳುತ್ತಲೇ ಇದ್ದರು: ಕೌಂಟರ್ ಮುಚ್ಚಿದ್ದು, ಜೆರಾಕ್ಸ್ ತರಲು ಕಳಿಸಿದ್ದು, ಜೆರಾಕ್ಸಿನವನು ಊಟಕ್ಕೆ ಹೋಗಿದ್ದು. ಕೊನೆಗೆ ಭುಜ ನಿಂತಿತು. ಮಾನ್ಯ ಅಂಗಿ ಸರಿಸಿ ನೋಡಿದಳು. ಹೊಲಿಗೆ ಮೇಲಿನ ಪಟ್ಟಿ ಒಣಗಿಯೇ ಇತ್ತು.

"ಒಣಗಿದೆ," ಎಂದಳು.

"ನೀವು ಹೇಳಿದ್ದು ಸುಳ್ಳು," ಎಂದರು ಮಲ್ಲಿಕಾರ್ಜುನಯ್ಯ ಮೆಲ್ಲಗೆ.

"ಹೌದು ಸ್ವಾಮಿ. ಹೊಲಿಗೆ ಬಿಚ್ಚಿದ ಮೇಲೆ ನಿಜ ಹೇಳ್ತೀನಿ."

ಆ ನಿಜ ಕೇಳಲು ಇಪ್ಪತ್ತು ದಿನ ಬಿಟ್ಟು ಅವರೇ ಬಳೇಪೇಟೆಗೆ ಬಂದರು. ದಾಸಪ್ಪನವರ ಪಕ್ಕ ಚಾಪೆಯ ಮೇಲೆ ಕೂತು ಹಂಡೆ ಸೀನು ಪೂರ್ತಿ ಹೇಳಿಸಿಕೊಂಡು, ಹೊಟ್ಟೆ ಹಿಡಿದು ನಕ್ಕು, ಕಾಫಿ ಕುಡಿದು ಹೋದರು. ಆಮೇಲೆ ಪ್ರತಿ ತಿಂಗಳೂ ಗಂಡಹೆಂಡಿರೇ ಬರತೊಡಗಿದರು. ಗಂಗರತ್ನಮ್ಮ ಚಾಮರಾಜಪೇಟೆಗೆ ಹೋಗುವ ಪ್ರಸಂಗವೇ ಬರಲಿಲ್ಲ. ಪ್ರಶ್ನೆಗಳು ಮಾತ್ರ ನಾಲ್ಕಾಗಿವೆ.

ಟೀವಿ ನಿಲ್ಲಿಸಿದ ಆ ಸಂಜೆ ಶೈಲಜಮ್ಮ ಒಳಗಿನ ಕುರ್ಚಿ ಎಳೆದು, "ಕೂತ್ಕೊಳಿ, ಕಾಫಿ ತರ್ತೀನಿ," ಎಂದಿದ್ದರು. ಗಂಗರತ್ನಮ್ಮ ಆಗ ತಮ್ಮ ಕಾಲು ನೋಡಿಕೊಂಡರು. ಚಪ್ಪಲಿಯ ಮಾರ್ಕೆಟ್ ಕೆಸರು ಬಾಗಿಲಿನಿಂದ ಟೀವಿವರೆಗೂ ಬಂದಿತ್ತು.

"ಇರ್ಲಿ ಬಿಡಿ," ಎಂದರು ಶೈಲಜಮ್ಮ.

ಕೂತು ಕುಡಿದರು. ಎದ್ದು, "ಮೊದಲು ಆ ಫೋನ್‌ಗಳನ್ನ ಆನ್ ಮಾಡಮ್ಮ. ನಮ್ಮೋರು ಇನ್ನೂ ಮಾಡ್ತಾನೇ ಇರ್ತಾರೆ," ಎಂದು ಜಗಲಿಗೆ ಬಂದರು. ಬೆಂಚು ಹತ್ತಿ, ಮೇನ್ ಸ್ವಿಚ್ ಮೇಲಕ್ಕೆತ್ತಿ, ಒಳಗೆ ಯುಪಿಎಸ್ ಸುಮ್ಮನಾದದ್ದು ಕೇಳಿಸಿಕೊಂಡು, ಮಂಡಿ ಹಿಡಿದುಕೊಂಡು ಮೆಟ್ಟಿಲಿಳಿದರು.