ಕೋಟೆಯ ಹಿಂದಿನ ಸದ್ದು

ಬ್ಲ್ಯಾಕ್‌ಟೌನ್‌ನ ರುದ್ರಾಣಿ ಡಾಕ್ಯುಮೆಂಟರಿಗಳಿಗೆ ಅಡಿಬರಹ ಬರೆಯುತ್ತಾಳೆ. ಕಿವಿ ಕೇಳದವರಿಗಾಗಿ ಮಾತಿನ ಜೊತೆ ಸದ್ದನ್ನೂ ಬರೆಯಬೇಕು: ಗುಂಡು, ಕುದುರೆಯ ಕೆನೆತ, ಬಾಗಿಲು. ಧಾರವಾಡದ ಹೈಸ್ಕೂಲಿನಲ್ಲಿ ಆರು ವರ್ಷ ಇಂಗ್ಲಿಷ್ ಕಲಿಸಿದವಳು ಗಂಡನ ವೀಸಾದ ಮೇಲೆ ಈ ಪರದೇಶಕ್ಕೆ ಬಂದು ಎಂಟು ವರ್ಷ ಬಿಡಿಕೆಲಸವನ್ನೇ ಮಾಡಿದ್ದಳು, ಊಟದ ಮೇಜಿನ ಮೂಲೆಯಲ್ಲಿ, ಊಟದ ಹೊತ್ತಿಗೆ ಲ್ಯಾಪ್‌ಟಾಪ್ ಎತ್ತಿಕೊಂಡು.

ಆ ಶನಿವಾರ ಪಕ್ಕದ ಪ್ಯಾರಮಟ್ಟಾದ ಕಂಪನಿಯೊಂದರ ಕಾಯಂ ಕೆಲಸಕ್ಕೆ ಪರೀಕ್ಷೆ. ಹತ್ತು ನಿಮಿಷದ ತುಣುಕಿಗೆ ಬರೆದು ಮಧ್ಯಾಹ್ನ ಒಂದರೊಳಗೆ ಕಳಿಸಬೇಕು. ಹೋದ ಸಲ ಎರಡು ಸದ್ದು ತಪ್ಪಿ ಫೇಲಾಗಿದ್ದಳು. ಅದೇ ಒಂದು ಗಂಟೆಗೆ ಗಂಡ ಶಿವಪುತ್ರಪ್ಪನ ಗೆಳೆಯರು ಊಟಕ್ಕೆ ಬರುವವರಿದ್ದರು. ಕರೆದವನು ಅವನು, ಇಪ್ಪತ್ತು ರೊಟ್ಟಿ ಬಡಿಯಬೇಕಾದವಳು ಇವಳು.

ತುಣುಕು ಅಮೆರಿಕದ ಹಳೆಯ ಗಡಿಯುದ್ಧವೊಂದರದು. ಮರದ ಕೋಟೆ, ಅದನ್ನು ಒಬ್ಬನೇ ಕಾದನೆಂದು ದಂತಕಥೆಯಾದ ಬೇಟೆಗಾರ. ಅವನು ಬಂದೂಕು ಹಿಡಿದು ನಿಂತಾಗ ಹಿಂದಿನಿಂದ ದಪ್ ದಪ್ ಸದ್ದು. ಅಲ್ಲಿ ಕಾಣುವುದು ಒಲೆಯ ಹೊಗೆಯಷ್ಟೇ. ರುದ್ರಾಣಿ ಕೇಳಿದಳು, ಎದ್ದು ಹಿಟ್ಟು ನಾದಿದಳು, ಕೂತು ಮತ್ತೆ ಕೇಳಿದಳು, ಎದ್ದು ಒಲೆಯ ಮೇಲೆ ಹಂಚು ಇಟ್ಟಳು.

“ನಗಾರಿ ಅದು,” ಎಂದ ಶಿವಪುತ್ರಪ್ಪ ಸೋಫಾದಿಂದ. “ಯುದ್ಧದ್ದು. ಇಂಥಾವು ನೂರು ನೋಡೀನಿ.”

“ನಗಾರಿ ಬಡಿಯಾಂವ ನಡುನಡುವ ಯಾಕ ನಿಲ್ತಾನ್ರೀ?”

“ದಣಿವಾಗಿರ್ತದ.”

“ನಾಕ ಏಟಿಗೆ?”

ಮಗಳು ಸಾನ್ವಿ ನಕ್ಕಳು. “ಅಮ್ಮಾ, ಜಸ್ಟ್ ರೈಟ್ ಡ್ರಮ್ಸ್.”

ಹನ್ನೆರಡೂವರೆ. ನಗಾರಿ ಎಂದೇ ಬರೆದು ಅಡುಗೆಮನೆಗೆ ಹೋಗಿ ಮೊದಲ ರೊಟ್ಟಿ ಬಡಿದಳು. ನಾಲ್ಕು ಏಟು, ಒಂದು ತಿರುವು, ಹಿಟ್ಟು ಉದುರಿಸಲು ಒಂದು ಕ್ಷಣ. ಮತ್ತೆ ನಾಲ್ಕು. ಕೈ ನಿಂತಿತು. ಕೋಟೆಯೊಳಗೆ ಯಾರೋ ಒಬ್ಬಳು ಮೆಕ್ಕೆಜೋಳದ ಹಿಟ್ಟು ತಟ್ಟುತ್ತಿದ್ದಳು.

ಹಿಟ್ಟಿನ ಕೈಯಲ್ಲೇ ಓಡಿಬಂದು ಅಳಿಸಿದಳು. ‘ಒಲೆಯ ಬಳಿ ರೊಟ್ಟಿ ತಟ್ಟುವ ಸದ್ದು’ ಎಂದು ಇಂಗ್ಲಿಷಿನಲ್ಲಿ ಬರೆದಳು. ಇನ್ನೂ ನಾಲ್ಕು ನಿಮಿಷದ ತುಣುಕು ಬಾಕಿಯಿತ್ತು.

“ತಪ್ಪಾದ್ರ ಕೆಲಸ ಹೋತು ನೋಡು,” ಎಂದ ಶಿವಪುತ್ರಪ್ಪ.

“ಹೋದ್ರ ನಂದು ಹೋಗ್ತದ. ನೀವು ರೊಟ್ಟಿ ನೋಡ್ರಿ.”

“ನನಗ ಬಡಿಯಾಕ ಬರೂದಿಲ್ಲ.”

“ನೂರು ಯುದ್ಧ ನೋಡೀರಿ. ಒಂದು ಮಾಡ್ರಿ.”

ಅಡುಗೆಮನೆಯಿಂದ ತಾಳ ತಪ್ಪಿದ ಸದ್ದು ಕೇಳಿಸಿತು. ಬಾಗಿಲ ಗಂಟೆ ಹೊಡೆಯಿತು. ರುದ್ರಾಣಿ ಏಳಲಿಲ್ಲ. ಒಂದಕ್ಕೆ ಎರಡು ನಿಮಿಷವಿದ್ದಾಗ ಕಳಿಸಿದಳು.

ಬುಧವಾರ ಉತ್ತರ ಬಂತು. ಪರೀಕ್ಷೆ ಬರೆದವರಲ್ಲಿ ಆ ಸದ್ದನ್ನು ಗುರುತಿಸಿದವಳು ಅವಳೊಬ್ಬಳೇ. ಈಗ ಪ್ಯಾರಮಟ್ಟಾದಲ್ಲಿ ಅವಳಿಗೊಂದು ಮೇಜಿದೆ. ಅದರ ಮೇಲೆ ಯಾರೂ ತಟ್ಟೆ ಇಡಬೇಕಿಲ್ಲ. ಆದರೂ ಮಧ್ಯಾಹ್ನ ಒಂದು ಗಂಟೆಯಾಯಿತೆಂದರೆ ಕೈ ತಾನಾಗಿ ಲ್ಯಾಪ್‌ಟಾಪ್ ಎತ್ತಲು ಹೋಗುತ್ತದೆ.