ಹಿಂದಿನ ಸೀಟಿನಲ್ಲಿ ಮಲಗಿ ಬಂದ ಡ್ರೈವರ್ ಕಾಕಾ

ಡ್ರೈವರ್ ಕಾಕಾ ಅವರ ಎರಡೂ ಕೈಗಳನ್ನು ಒಟ್ಟಿಗೆ ನೋಡಿದರೆ ಅವು ಬೇರೆ ಬೇರೆ ಇಬ್ಬರ ಕೈಗಳಂತೆ ಕಾಣುತ್ತಿದ್ದವು. ಎಡಗೈ ಗೋಧಿ ಬಣ್ಣದ್ದು. ಬಲಗೈ ಮೊಣಕೈಯಿಂದ ಕೆಳಗೆ ಎರೆಮಣ್ಣಿನಷ್ಟು ಕಪ್ಪು. ಬಲಗಿವಿಯ ಅಂಚೂ ಹಾಗೆಯೇ. ಜೀವಮಾನವೆಲ್ಲ ಸರಕಾರಿ ಬಸ್ಸು ಓಡಿಸಿ, ಬಲಗಡೆಯ ಕಿಟಕಿಯಿಂದ ಬಂದ ಬಿಸಿಲನ್ನೆಲ್ಲ ಉಂಡ ಮೈ ಅದು.

ರಾಮದುರ್ಗದಲ್ಲಿ ನಮ್ಮ ಹಿಂದಿನ ಓಣಿಯಲ್ಲೇ ಅವರ ಮನೆ. ನಿವೃತ್ತಿಯಾದ ಮೇಲೂ ಖಾಕಿ ಅಂಗಿ ಬಿಟ್ಟಿರಲಿಲ್ಲ. ಜೇಬಿನ ಮೇಲಿನ ಬಿಲ್ಲೆಯನ್ನಷ್ಟೇ ತೆಗೆದಿದ್ದರು. ಬಿಲ್ಲೆ ಇದ್ದ ಜಾಗದಲ್ಲಿ ಬಟ್ಟೆ ಹೊಸದರ ಹಾಗೆ ಉಳಿದಿತ್ತು. ಬಾಯಲ್ಲಿ ಸದಾ ಒಂದು ಲವಂಗ. ಚಹಾವನ್ನು ಬಸಿಗೆ ಸುರಿದುಕೊಂಡೇ ಕುಡಿಯಬೇಕು, ಅದೂ ನಿಂತುಕೊಂಡೇ. ಕಾರಿನ ಹಿಂದಿನ ಸೀಟಿನಲ್ಲಿ ಒಬ್ಬರೇ ಕೂತಿದ್ದರೂ ಹೊರಡುವ ಮುಂಚೆ ಹಿಂದೆ ತಿರುಗಿ, “ಕುಂತ್ರೇನ್ರಿ ಎಲ್ಲಾರೂ?” ಎಂದು ಕೇಳುತ್ತಿದ್ದರು. ಉತ್ತರ ಬಂದ ಮೇಲೆ ತಮಗೆ ತಾವೇ “ರೈಟ್” ಎಂದುಕೊಂಡು ಗೇರು ಹಾಕುತ್ತಿದ್ದರು.

ಅವರು ನಮ್ಮ ಮನೆಯವರೇ ಆಗಿಹೋದದ್ದು ನಮ್ಮ ಯಜಮಾನರು ಬಿದ್ದ ಮೇಲೆ. ಯಜಮಾನರು ಹೈಸ್ಕೂಲಿನಲ್ಲಿ ಗಣಿತ ಕಲಿಸುವವರು. ಮಾಳಿಗೆಯ ಮೇಲಿನ ನೀರಿನ ಟಾಕಿ ತೊಳೆಯಲು ಹೋದಾಗ ನಿಚ್ಚಣಿಕೆ ಜಾರಿತು. ಬೆನ್ನುಹುರಿಯ ಆಪರೇಶನ್ ಆಯಿತು. ಎಡಗಾಲಿನಲ್ಲಿ ಶಕ್ತಿ ಇರಲಿಲ್ಲ. ವಾರಕ್ಕೆರಡು ಸಲ ಧಾರವಾಡಕ್ಕೆ ಬಂದು ವ್ಯಾಯಾಮ ಮಾಡಿಸಿಕೊಂಡರೆ ನಡೆಯಬಹುದು, ನಡುವೆ ಬಿಟ್ಟರೆ ಕಾಲು ಒಣಗುತ್ತದೆ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. ಬಸ್ಸಿನಲ್ಲಿ ಕೂರುವುದು ಸಾಧ್ಯವಿರಲಿಲ್ಲ. ಬೆಳಗಾವಿಯಲ್ಲಿರುವ ನನ್ನ ತಮ್ಮ ತನ್ನ ಕಾರನ್ನೇ ತಂದು ಮನೆಯ ಮುಂದೆ ನಿಲ್ಲಿಸಿಹೋದ. ಅವನೂ ಅದನ್ನು ಸೆಕೆಂಡ್ ಹ್ಯಾಂಡ್ ಕೊಂಡದ್ದು. ದೊಡ್ಡ ಗಾಡಿ, ಹಿಂದಿನ ಸೀಟಿನಲ್ಲಿ ಕಾಲು ಮಡಚಿ ಮಲಗಬಹುದು.

ತಮ್ಮ ಹೊರಡುವ ಮುಂಚೆ, ನಾವು ಕರೆಯದೆಯೇ ಡ್ರೈವರ್ ಕಾಕಾ ಬಂದರು. ಗಾಡಿಯನ್ನು ಒಂದು ಸುತ್ತು ಹಾಕಿ ಡಿಕ್ಕಿ ತೆಗೆದು ನೋಡಿದರು.

“ತಮ್ಮಾ, ಸ್ಟೆಪ್ನಿ ಎಲ್ಲೈತೋ?”

“ಇದಕ್ಕ ಸ್ಟೆಪ್ನಿ ಬರಂಗಿಲ್ಲ ಕಾಕಾ. ರನ್‌ಫ್ಲಾಟ್ ಟಾಯರ್ ಅದಾವು. ಗಾಳಿ ಹೋದ್ರೂ ಗಾಡಿ ನೆಲಕ್ಕ ಕೂಡಂಗಿಲ್ಲ, ಸಾವಕಾಶ ಊರು ಮುಟ್ಟಬೋದು. ಗಾಳಿ ಕಡಿಮಿ ಆತಂದ್ರ ಮುಂದ ಹಳದಿ ದೀಪ ಹತ್ತತೈತಿ.”

“ಗಾಳಿ ಇಲ್ಲದ ಟಾಯರ್ ಓಡತೈತಿ, ಅದನ್ನ ದೀಪ ಬಂದು ನನಗ ಹೇಳತೈತಿ,” ಎಂದು ಕಾಕಾ ಲವಂಗವನ್ನು ಇನ್ನೊಂದು ದವಡೆಗೆ ಸರಿಸಿದರು. “ಹಂಗಾರ ನಾ ಯಾಕ ಬೇಕೋ? ದೀಪಕ್ಕ ಲೈಸೆನ್ಸ್ ಮಾಡಸು.”

ಅವರ ಪದ್ಧತಿ ಬೇರೆಯದೇ ಇತ್ತು. ಮೊಳದುದ್ದದ ಕಬ್ಬಿಣದ ಸಲಾಕೆಯಿಂದ ಪ್ರತಿ ಟಯರಿಗೂ ಒಂದೊಂದು ಏಟು ಹಾಕುವುದು, ಕಿವಿ ಕೊಟ್ಟು ಕೇಳುವುದು. ಡಿಪೋದಲ್ಲಿ ಬೆಳಗಿನ ಮೊದಲ ಬಸ್ಸು ಬಿಡುವ ಮುಂಚೆ ಎಷ್ಟೋ ವರ್ಷ ಮಾಡಿದ ಕೆಲಸ. ಸದ್ದು ಕೇಳಿಯೇ ಗಾಳಿ ಹೆಚ್ಚೋ ಕಡಿಮೆಯೋ ಹೇಳುತ್ತಿದ್ದರು. ಪ್ರಯಾಣಿಕರನ್ನು ದಾರಿಯಲ್ಲಿ ಇಳಿಸಿ ನಿಲ್ಲಿಸಿದ್ದೇ ಇಲ್ಲ ಎಂಬುದು ಅವರ ಒಂದೇ ಜಂಬ.

ಹೀಗೆ ಧಾರವಾಡದ ಓಡಾಟ ಶುರುವಾಯಿತು. ನಮ್ಮ ಕಡೆಯ ರಸ್ತೆಗಳ ಗುಣ ಗೊತ್ತಿದ್ದವರಿಗೆ ನಾನು ಹೇಳಬೇಕಾಗಿಲ್ಲ. ಎರೆಭೂಮಿಯ ಮೇಲೆ ಹಾಸಿದ ಡಾಂಬರು ಮಳೆಗೆ ಉಬ್ಬಿ ಬೇಸಿಗೆಗೆ ಕುಸಿದು ಅಲೆಅಲೆಯಾಗಿರುತ್ತದೆ. ಊರೂರಿಗೂ ವೇಗ ತಡೆಯುವ ಹಂಪು. ಕಬ್ಬಿನ ಟ್ರ್ಯಾಕ್ಟರ್ ಹೋದ ಮೇಲೆ ಬಿದ್ದ ಕಬ್ಬಿನ ಗಣಿಕೆಗಳು ಬೇರೆ. ಆ ಟಯರುಗಳ ಪಕ್ಕೆ ಬಹಳ ದಪ್ಪ ಮತ್ತು ಗಡಸು. ಗಾಳಿ ಹೋದಾಗ ಗಾಡಿಯನ್ನು ಹೊರುವುದು ಅದೇ. ಆದರೆ ಗಾಳಿ ಇದ್ದಾಗಲೂ ಅದು ಮೆತ್ತಗಾಗುವುದಿಲ್ಲ. ಒಂದು ಹರಳು ಸಿಕ್ಕರೂ ಅದರ ಪೆಟ್ಟು ಸೀಟಿನವರೆಗೆ ಬರುತ್ತಿತ್ತು. ಯಜಮಾನರು ದಿಂಬನ್ನು ಬೆನ್ನಿಗೆ ಒತ್ತಿಕೊಂಡು, ಹಂಪು ಬರುವ ಮುಂಚೆ ಮೇಲಿನ ಹಿಡಿಕೆ ಹಿಡಿದು ಕಣ್ಣು ಮುಚ್ಚುತ್ತಿದ್ದರು. ಕಾಕಾ ಕನ್ನಡಿಯಲ್ಲಿ ನೋಡಿ, “ಹೆಂಗೈತ್ರಿ ಮಾಸ್ತರ?” ಎಂದರೆ, “ಆರಾಮ ಐತ್ರಿ,” ಎನ್ನುತ್ತಿದ್ದರು. ಕಾಕಾ ನಂಬುತ್ತಿದ್ದರು.

ವ್ಯಾಯಾಮ ಇಲ್ಲದ ದಿನಗಳಲ್ಲಿ ಕಾಕಾ ನನಗೆ ಗಾಡಿ ಕಲಿಸುತ್ತಿದ್ದರು. ನಾನಾಗಿ ಕೇಳಿರಲಿಲ್ಲ. “ಒಬ್ಬ ಡ್ರೈವರ್ನ ನಂಬಿ ಮನಿ ನಡೀಬಾರ್ದು ತಂಗಿ. ನನಗೂ ಜ್ವರ ಬರತಾವು,” ಎಂದು ಒಂದು ದಿನ ಕೀಲಿ ಕೈಗಿಟ್ಟಿದ್ದರು. ಬೆಳಿಗ್ಗೆ ರೊಟ್ಟಿ ಬಡಿದು, ಪಲ್ಯ ಮುಚ್ಚಿಟ್ಟು, ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ನಾನು ಸ್ಟೇರಿಂಗ್ ಹಿಡಿದಾಗ ಓಣಿಯ ಹೆಂಗಸರು ಕಟ್ಟೆಗೆ ಬಂದು ನಿಂತು ನೋಡುತ್ತಿದ್ದರು. ಕಾಕಾ ಅವರತ್ತ ತಿರುಗಿ, “ಟಿಕೀಟ ತಗೊಂಡ ನೋಡ್ರಿ,” ಎನ್ನುತ್ತಿದ್ದರು.

ಆ ಹಳದಿ ದೀಪ ಹತ್ತಿದ್ದು ಒಂದು ಹುಣ್ಣಿಮೆಗೆ ಮುಂಚೆ. ಧಾರವಾಡದಿಂದ ಬರುತ್ತಿದ್ದೆವು. ಎಲ್ಲಮ್ಮನ ಗುಡ್ಡಕ್ಕೆ ಹೊರಟ ಎತ್ತಿನ ಚಕ್ಕಡಿಗಳು ಸವದತ್ತಿಯ ಸುತ್ತಲಿನ ರಸ್ತೆಯ ತುಂಬ ಇದ್ದವು. ಅವುಗಳನ್ನು ದಾಟಿ ಸ್ವಲ್ಪ ಮುಂದೆ ಬಂದಾಗ ಕುದುರೆಲಾಳದ ಆಕಾರದ ಆ ದೀಪ ಹತ್ತಿ, ಹತ್ತಿದ್ದು ಹತ್ತಿಯೇ ಉಳಿಯಿತು. ಕಾಕಾ ಗಾಡಿ ನಿಲ್ಲಿಸಿ ಇಳಿದು, ನಾಲ್ಕೂ ಟಯರಿಗೆ ಸಲಾಕೆಯಿಂದ ಬಡಿದರು. ಒಂದು ಟಯರಿಗೆ ಎರಡನೆಯ ಸಲವೂ ಬಡಿದರು.

“ಎಲ್ಲಾ ಬರೋಬರಿ ಅದಾವು. ಕಲ್ಲಿನಂಗ ಅದಾವು,” ಎಂದರು.

“ನನ್ನ ತಮ್ಮಗ ಒಂದು ಫೋನ್ ಹಚ್ಚಲ್ರಿ?” ಎಂದೆ.

“ಅಂವಾ ಬೆಳಗಾವ್ಯಾಗ ಕುಂತು ಏನ ನೋಡ್ಯಾನ? ದೀಪಕ್ಕ ಹುಚ್ಚ ಹಿಡದೈತಿ, ನಡ್ರಿ.”

ಎಂದಿನ ವೇಗದಲ್ಲೇ ಬಂದೆವು. ಗಾಡಿ ಎಂದಿಗಿಂತ ಹೆಚ್ಚು ಕುಟ್ಟುತ್ತಿತ್ತು. ರಸ್ತೆಯದೇ ದೋಷ ಎಂದುಕೊಂಡೆವು. ರಾಮದುರ್ಗದ ಹತ್ತಿರ ರಬ್ಬರು ಸುಟ್ಟ ವಾಸನೆ ಬರತೊಡಗಿತು. ಯಜಮಾನರನ್ನು ಮನೆಯಲ್ಲಿ ಇಳಿಸಿ ಪಂಕ್ಚರ್ ಅಂಗಡಿಗೆ ಹೋದೆವು. ಅಂಗಡಿಯವನು ಹಿಂದಿನ ಎಡಗಡೆಯ ಟಯರಿನ ಗಾಳಿ ತುಂಬುವ ಮೂತಿ ಒತ್ತಿದ. ಉಸಿರೇ ಬರಲಿಲ್ಲ. ಎತ್ತಿನ ಲಾಳದ ಮೊಳೆಯೊಂದು ಒಳಗೆ ಹೊಕ್ಕಿತ್ತು. ಅಷ್ಟು ಗಡಸು ಟಯರನ್ನು ಬಿಚ್ಚುವ ಯಂತ್ರ ಅವನಲ್ಲಿರಲಿಲ್ಲ. ಇಬ್ಬರು ಹೆಣಗಿ ಬಿಚ್ಚಿದಾಗ ಒಳಗಿನಿಂದ ಕರಿ ಹಿಟ್ಟಿನಂಥ ರಬ್ಬರಿನ ಪುಡಿ ಉದುರಿತು. ನಿಧಾನ ಬಂದಿದ್ದರೆ ಅದು ನಮ್ಮನ್ನು ಮುಟ್ಟಿಸಿ ತಾನೂ ಉಳಿಯುತ್ತಿತ್ತೇನೋ. ಗಾಳಿ ಹೋದದ್ದು ಹೊರಗೆ ಕಾಣದ ಟಯರು ಅದು. ದಪ್ಪ ಪಕ್ಕೆ ಸಲಾಕೆಗೆ ಗಟ್ಟಿ ಸದ್ದೇ ಕೊಟ್ಟಿತ್ತು.

ಕಾಕಾ ಆ ಪುಡಿಯನ್ನು ಅಂಗೈಗೆ ಹಾಕಿಕೊಂಡು ನೋಡಿದರು. ಚಹಾ ಬೇಡವೆಂದರು. ಮನೆಗೆ ಬಂದು ಕೀಲಿಯನ್ನು ದೇವರ ಮಾಡದ ಪಕ್ಕದ ಗೂಟಕ್ಕೆ ಹಾಕಿ ಹೊರಟುಹೋದರು.

ಅತ್ತ ಯಜಮಾನರ ಬೆನ್ನು ಹಿಡಿದುಕೊಂಡಿತ್ತು. ಗೋಡೆಯ ಕಡೆ ತಿರುಗಿ ಮಲಗಿದವರು, “ಸಾಕ ಇನ್ನ. ಆ ಗಾಡ್ಯಾಗ ನಾ ಕೂಡಂಗಿಲ್ಲ,” ಎಂದರು. “ಮತ್ತ ಕಾಲಾ?” ಎಂದು ಕೇಳಿದೆ. “ಇರ್ಲಿ ಬಿಡು. ಕುಂತ ಪಾಠಾ ಹೇಳಿದ್ರಾತು,” ಎಂದರು. ಅವರ ದನಿಯಲ್ಲಿ ಸಿಟ್ಟು ಇದ್ದಿದ್ದರೆ ನನಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ.

ಬೆಳಗಾವಿಯಲ್ಲಿ ವಿಚಾರಿಸಿದರೆ ಆ ಟಯರು ಹೊರಗಿನಿಂದ ತರಿಸಿಯೇ ಕೊಡಬೇಕಂತೆ. ಗಾಡಿ ಮನೆಯ ಮುಂದೆ ಇಟ್ಟಿಗೆಯ ಮೇಲೆ ಕೂತಿತು. ಕಾಕಾ ಬರಲಿಲ್ಲ. ವ್ಯಾಯಾಮದ ಒಂದು ದಿನ ಹೋಯಿತು, ಇನ್ನೊಂದೂ ಹೋಯಿತು. ಯಜಮಾನರ ಕಾಲನ್ನು ನಾನೇ ಎಣ್ಣೆ ಹಚ್ಚಿ ತಿಕ್ಕುವಾಗ ಮೀನಖಂಡ ಕೈಗೆ ಸಡಿಲವಾಗಿ ಹತ್ತುತ್ತಿತ್ತು. ಮೂರನೆಯದಕ್ಕೆ ಕಾಯಬಾರದೆಂದು ಕಾಕಾ ಅವರ ಮನೆಗೇ ಹೋದೆ.

ಅವರು ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕೂತಿದ್ದರು. ಅವರ ಹೆಂಡತಿಯನ್ನು ನಾವು ಕಾಕೂ ಎನ್ನುತ್ತೇವೆ. ಒಳಗೆ ಜೋಳ ಕೇರುತ್ತಿದ್ದರು.

“ನನ್ನ ಕಿವಿ ಹೋಗ್ಯಾವ ತಂಗಿ,” ಎಂದರು ಕಾಕಾ. “ಮಾಸ್ತರ್ನ ಗಾಳಿ ಇಲ್ಲದ ಗಾಲಿ ಮ್ಯಾಲ ಕುಣಿಸಿಕೋತ ತಂದೇನಿ. ಬ್ಯಾರೆಯವ್ರನ್ನ ನೋಡ್ಕೋ.”

ಒಳಗಿನಿಂದ ಕಾಕೂ ಅಂದರು: “ಕಿವಿ ಎಂದ ಇದ್ದುವು? ಗಾಡಿ ದೀಪಾ ಹಚ್ಚಿ ಹೇಳಿದ್ರೂ ಕೇಳಲಿಲ್ಲ. ಇಷ್ಟ ವರ್ಷ ನಾ ದೀಪಾ ಇಲ್ಲದ ಹೇಳೇನಿ, ಏನ ಕೇಳ್ಯಾರ!”

ಕಾಕಾ ನಗಲಿಲ್ಲ. ಆದರೆ ಲವಂಗದ ಡಬ್ಬಿಗೆ ಕೈ ಹಾಕಿದರು. ನಾನು ಧೈರ್ಯ ಮಾಡಿ, ಯಜಮಾನರು ಗಾಡಿ ಹತ್ತುವುದಿಲ್ಲ ಎಂದಿದ್ದು ಆ ದಿನದ ಪಂಕ್ಚರಿನಿಂದಲ್ಲ, ದಿನವೂ ನೋಯುತ್ತಿತ್ತು, ಅವರು ನಿಮಗೆ ಸುಳ್ಳು ಹೇಳುತ್ತಿದ್ದರು ಎಂದೆ. ಕಾಕಾ ಕೈಗೆ ತೆಗೆದಿದ್ದ ಲವಂಗವನ್ನು ಬಾಯಿಗೆ ಹಾಕದೆ ಡಬ್ಬಿಗೇ ಮರಳಿಸಿದರು.

ತಮ್ಮ ಎಲ್ಲಿಂದಲೋ ಅದೇ ಜಾತಿಯ ಟಯರೊಂದನ್ನು ತಂದು ಹಾಕಿಸಿದ ದಿನ ಸಂಜೆ ಕಾಕಾ ಬಂದರು. ಗೂಟದಿಂದ ಕೀಲಿ ತೆಗೆದು ನನ್ನ ಕೈಗಿಟ್ಟರು. ಮಂಚದ ಮೇಲಿದ್ದ ಯಜಮಾನರ ದಿಂಬನ್ನೂ ನಡುಪಟ್ಟಿಯನ್ನೂ ಕೇಳಿ ಇಸಕೊಂಡರು. ಖಾಕಿ ಅಂಗಿಯ ಮೇಲೆ ಪಟ್ಟಿ ಬಿಗಿದುಕೊಂಡು ಹಿಂದಿನ ಸೀಟಿನಲ್ಲಿ, ಯಜಮಾನರು ಮಲಗುವ ಹಾಗೆಯೇ ಕಾಲು ಮಡಚಿ ಮಲಗಿದರು.

“ಸುರೇಬಾನ ರೋಡಿಗೆ ತಗೋ. ನಾ ಹೆಂಗ ಹೊಡೀತಿದ್ನೋ ಹಂಗ ಹೊಡಿ. ನನ್ನ ನೋಡಿ ಸಾವಕಾಶ ಮಾಡಬ್ಯಾಡ.”

ಮೊದಲನೆಯ ಹಂಪಿಗೆ ಹಿಂದಿನಿಂದ “ಹಾಂ” ಎಂಬ ಸದ್ದು ಬಂತು. ಆಮೇಲಿನ ತಗ್ಗಿಗೆ “ಯಪ್ಪಾ”. ಅರ್ಧ ದಾರಿಯಲ್ಲಿ ನಿಲ್ಲಿಸು ಎಂದರು. ಇಳಿದು, ರಸ್ತೆಯ ಬದಿಗೆ ಸೊಂಟ ಹಿಡಿದು ನಿಂತರು.

“ಬಸ್ಸಿನ್ಯಾಗ ಡ್ರೈವರ್ ಸೀಟಿಗೆ ಸ್ಪ್ರಿಂಗ್ ಇರತೈತಿ ತಂಗಿ. ಹಿಂದಿನ ಸೀಟಿನವ್ರು ಬೈದ್ರ, ಇವ್ರದು ದಿನಾ ಇದ್ದದ್ದ ಅಂತಿದ್ದೆ. ಒಂದಿನಾನೂ ಹಿಂದ ಕುಂತ ಬಂದಿಲ್ಲ ನಾನು.” ನಡುಪಟ್ಟಿ ಬಿಚ್ಚುತ್ತ, “ಮಾಸ್ತರ ದೊಡ್ಡ ಮನಶ್ಯಾ,” ಎಂದರು.

ಮರುದಿನವೇ ನಾಲ್ಕಕ್ಕೆ ನಾಲ್ಕೂ ಸಾದಾ ಟಯರು ಹಾಕಿಸುವ ಮಾತೆತ್ತಿದರು. ತಮ್ಮ ಫೋನಿನಲ್ಲಿ ವಾದಿಸಿದ: ಬೇರೆ ಯಾರಿಗಾದರೂ ಸಾದಾ ಸಾಕು, ಆದರೆ ಮಲಗಿದ ಮನುಷ್ಯನನ್ನು ಕರೆದೊಯ್ಯುವ ಗಾಡಿ ಬಯಲಿನಲ್ಲಿ ಪಂಕ್ಚರ್ ಆದರೆ ಏನು ಮಾಡುತ್ತೀರಿ? ಅವನ ಮಾತೂ ತಪ್ಪಿರಲಿಲ್ಲ. ಕಾಕಾ ಒಪ್ಪಿಯೇ ಉತ್ತರ ಕೊಟ್ಟರು.

“ಆ ಟಾಯರಿಗೆ ನಾ ಬೈಯಂಗಿಲ್ಲೋ ತಮ್ಮಾ. ನಾ ಅದರ ಮಾತ ಕೇಳದಿದ್ರೂ ಮಾಸ್ತರ್ನ ಮನಿ ಮುಟ್ಟಿಸೇತಿ. ಛಲೋ ರೋಡಿನವ್ರಿಗೆ ಅದು ಬೇಕು. ಆದ್ರ ಎಂದಾರ ಒಂದಿನ ಕಾಯ್ತೈತಂತ ದಿನಾ ಬಡಸ್ಕೊಳ್ಳಾಕ ಮಾಸ್ತರ್ನ ಬೆನ್ನ ತಯಾರಿಲ್ಲ.”

ಸ್ಟೆಪ್ನಿಗೆ ಆ ಗಾಡಿಯಲ್ಲಿ ಜಾಗವೇ ಇರಲಿಲ್ಲ. ಡಿಕ್ಕಿಯಲ್ಲಿ ಅಡ್ಡ ಮಲಗಿಸಿ ಹಗ್ಗದಿಂದ ಬಿಗಿದರು. ಅಲ್ಲಿದ್ದ, ಯಜಮಾನರು ಹಿಡಿದು ನಡೆಯುವ ವಾಕರ್ ಮುಂದಿನ ಸೀಟಿಗೆ ಬಂದು, ಕಾಕಾ ಅವರ ಪಕ್ಕದಲ್ಲಿ ಬೆಲ್ಟು ಹಾಕಿಕೊಂಡು ಕೂತಿತು. ಒಂದು ಪುಟ್ಟ ಪಂಪು, ಗಾಳಿ ನೋಡುವ ಗೇಜು ತಂದರು. ಬೆಳಿಗ್ಗೆ ಸಲಾಕೆಯಿಂದ ಬಡಿದು ಅಂದಾಜು ಹೇಳುವುದು, ಆಮೇಲೆ ಗೇಜು ಹಚ್ಚಿ ನೋಡುವುದು. ಸರಿ ಬಂದ ದಿನ ಕಾಕೂಗೆ ಕೇಳುವಷ್ಟು ದೊಡ್ಡ ದನಿಯಲ್ಲಿ ಅಂಕಿ ಹೇಳುತ್ತಿದ್ದರು.

ಯಜಮಾನರನ್ನು ಒಪ್ಪಿಸಿದ್ದು ನಾನಲ್ಲ. ಕಾಕಾ ಮಂಚದ ಪಕ್ಕ ನಿಂತು, “ನಾ ಹಿಂದ ಮಲಗಿ ನೋಡೇನ್ರಿ ಮಾಸ್ತರ,” ಎಂದರು. ಅಷ್ಟೇ. ಯಜಮಾನರು ಏಳಲು ಕೈ ಚಾಚಿದರು.

ಹೊಸ ಟಯರಿನ ಮೊದಲ ದಿನ, ಯಾವಾಗಲೂ ಪ್ರಾಣ ತಿನ್ನುತ್ತಿದ್ದ ಹಂಪಿಗೆ ಅವರು ಹಿಡಿಕೆ ಹಿಡಿದು ಕಣ್ಣು ಮುಚ್ಚಿದರು. ಮುಚ್ಚಿಕೊಂಡೇ ಇದ್ದರು.

“ಹಂಪ ಎಲ್ಲಿ ಹೋತ್ರಿ?”

“ಹಿಂದ ಬಿಟ್ಟಬಂದ್ವಿರಿ,” ಎಂದರು ಕಾಕಾ.

ತಮ್ಮ ಹೇಳಿದಂತೆ ಬಯಲಿನಲ್ಲಿ ಪಂಕ್ಚರ್ ಆದದ್ದೂ ನಿಜ. ಯಜಮಾನರನ್ನು ಬೇವಿನ ಮರದ ಕೆಳಗೆ ಹಾಸಿಗೆ ಹಾಸಿ ಮಲಗಿಸಿ, ಗಾಲಿ ಬದಲಿಸುವ ಕೆಲಸವನ್ನು ಕಾಕಾ ನನಗೆ ಹಚ್ಚಿದರು. ಮೋಟರ್‌ಸೈಕಲ್ ನಿಲ್ಲಿಸಿ ಸಹಾಯಕ್ಕೆ ಬಂದವರನ್ನೆಲ್ಲ, “ಅಕಿ ಕಲಿಯಾಕ ಹತ್ಯಾಳ, ನೀವು ನಡ್ರಿ,” ಎಂದು ಕಳಿಸಿದರು. ನಟ್ಟು ಬಿಗಿಯುವಾಗ ಮರದ ಕೆಳಗಿನಿಂದ ಯಜಮಾನರು, “ಎದುರಾಬದುರಾ ಬಿಗಿ, ಸಾಲಾಗಿ ಬ್ಯಾಡ,” ಎಂದು ಲೆಕ್ಕ ಹೇಳತೊಡಗಿದರು. ಬಿದ್ದ ಮೇಲೆ ಅವರು ಮಾಸ್ತರರ ದನಿಯಲ್ಲಿ ಮಾತಾಡಿದ್ದು ಅಂದೇ ಮೊದಲು. ಕಾಕಾ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು.

ವಾಕರ್ ಹೋಗಿ ಕೋಲು ಬಂತು. ಯಜಮಾನರು ಮತ್ತೆ ಶಾಲೆಗೆ ಹೋಗತೊಡಗಿದರು. ನಾನೇ ಬಿಟ್ಟು ಬರುತ್ತೇನೆ.

ಈ ಬೇಸಿಗೆಯಲ್ಲಿ ಕಾಕಾ ತೀರಿಹೋದರು. ಹುಟ್ಟೂರು ಸುರೇಬಾನದ ಹೊಲದಲ್ಲೇ ಮಣ್ಣು ಮಾಡುತ್ತಾರೆ ಎಂದು ಸುದ್ದಿ ಬಂತು. ಸುದ್ದಿ ಕೇಳಿ ಯಜಮಾನರು ಶಾಲೆಯಿಂದ ಅರ್ಧಕ್ಕೇ ಬಂದರು. ನಾನು ಗಾಡಿ ತೆಗೆದೆ. ಅವರು ನನ್ನ ಪಕ್ಕದಲ್ಲಿ ನೆಟ್ಟಗೆ ಕೂತರು.

ಹೊಲದ ಅಂಚಿನಲ್ಲಿ ಗಾಡಿ ನಿಲ್ಲಿಸಿ ಬದುವಿನ ಮೇಲೆ ನಡೆದೆವು. ಮಣ್ಣು ಕೊಡುವ ಸರದಿ ಬಂದಾಗ, ಕಾಕಾ ಅವರ ಮಗ ಯಜಮಾನರ ಕೋಲು ನೋಡಿ, ತಾನೇ ಬೊಗಸೆಯಲ್ಲಿ ಮಣ್ಣು ತುಂಬಿ, “ನೀವು ಬಗ್ಗಬ್ಯಾಡ್ರಿ ಸರ್, ತಗೋರಿ,” ಎಂದು ಮುಂದೆ ಹಿಡಿದ. ಯಜಮಾನರು ಬೇಡವೆಂದು ತಲೆಯಾಡಿಸಿದರು. ಕೋಲನ್ನು ನನ್ನ ಕೈಗೆ ಕೊಟ್ಟರು. ಒಂದು ಮೊಣಕಾಲಿನ ಮೇಲೆ ಕೈಯೂರಿ, ಮೆಲ್ಲಗೆ, ನೆಲದವರೆಗೆ ಬಗ್ಗಿದರು. ಎರೆಮಣ್ಣನ್ನು ತಾವೇ ಹಿಡಿಯಲ್ಲಿ ತೆಗೆದುಕೊಂಡು, ಯಾರ ಆಸರೆಯೂ ಇಲ್ಲದೆ ಎದ್ದು ನಿಂತರು.