ಮಾವಶಿಗೆ ಕೊಟ್ಟ ಉಪವಾಸ

ಹೋದ ವಾರ ಸೊಲ್ಲಾಪುರದ ವಿಜಾಪುರ ರಸ್ತೆಯ ಆಸ್ಪತ್ರೆಯೊಂದರಲ್ಲಿ ನನ್ನ ಸರದಿಗಾಗಿ ಕಾಯುತ್ತ ಕೂತಿದ್ದೆ. ಪಕ್ಕದಲ್ಲಿದ್ದ ಹೆಣ್ಣುಮಗಳೊಬ್ಬಳು ಸ್ಟೀಲಿನ ಡಬ್ಬಿ ತೆರೆದಳು. ಬೆಳ್ಳುಳ್ಳಿ ಹಾಕಿ ಕುಟ್ಟಿದ ಶೇಂಗಾ ಚಟ್ನಿಯ ವಾಸನೆ ಫಿನಾಯಿಲಿನ ವಾಸನೆಯನ್ನೂ ಮೀರಿ ಬಂತು. ಅದರ ಹಿಂದೆಯೇ ಮಾವಶಿಯೂ ನೆನಪಿಗೆ ಬಂದರು...

ಮಾವಶಿ ನನ್ನ ತಾಯಿಯ ತಂಗಿಯೇನಲ್ಲ. ಎದುರುಮನೆಯವರು, ಓಣಿಗೆಲ್ಲ ಮಾವಶಿ. ಹನ್ನೂರಿನ ಕುರಿ ಕಾಯುವ ಮನೆತನದಲ್ಲಿ ಹುಟ್ಟಿ, ಮದುವೆಯಾಗಿ ಸೊಲ್ಲಾಪುರ ಸೇರಿದವರು. ನಮ್ಮದು ಚಾದರ, ಟವೆಲಿನ ವ್ಯಾಪಾರದ ಮನೆ. ಹೆಂಗಸರ ಜಡ್ಡಿನ ಮಾತು ಬಂದರೆ ನಮ್ಮ ಮನೆಯ ಗಂಡಸರಿಗೆ ಕೂಡಲೇ ಅಂಗಡಿಯ ಕೆಲಸ ನೆನಪಾಗುತ್ತಿತ್ತು. ಹಾಗಾಗಿ, ವರ್ಷಗಳ ಹಿಂದೆ ನನಗೆ ನಡುನಡುವೆ ರಕ್ತ ಹೋಗತೊಡಗಿ, ಗರ್ಭಕೋಶದ ಬಾಯಿಯಿಂದ ಸಣ್ಣ ಚೂರು ತೆಗೆದು ತಪಾಸಣೆಗೆ ಕಳಿಸಬೇಕೆಂದು ಡಾಕ್ಟರ ಮೇಡಂ ಹೇಳಿದಾಗ, ನಾನು ಮೊದಲು ಹೋಗಿ ಹೇಳಿದ್ದು ಮಾವಶಿಗೆ. ಅದಕ್ಕೆ ಬಯಾಪ್ಸಿ ಎಂದು ಹೆಸರು. ಕ್ಯಾನ್ಸರ್ ಇದ್ದೇ ಇದೆ, ಇವರು ಬಾಯಿಬಿಟ್ಟು ಹೇಳುತ್ತಿಲ್ಲ ಎಂದೇ ನನ್ನ ಲೆಕ್ಕ. ರೊಟ್ಟಿ ಬಡಿಯುವಾಗಲೂ ಅದೇ, ಮಲಗಿದಾಗಲೂ ಅದೇ. ಹೆದರಿ ಹೆದರಿ ಸುಸ್ತಾಗಿದ್ದೆ.

ಮೇಡಂ ಬಿಡಿಸಿ ಹೇಳಿದ್ದರು: ಹೊಟ್ಟೆ ತುಂಬ ಉಂಡು ಬರಬೇಕು, ಒಂದು ತಾಸು ಮುಂಚೆ ನೋವಿನ ಗುಳಿಗೆ ನುಂಗಬೇಕು. ಆದರೆ ಗೊತ್ತುಮಾಡಿದ ದಿನ ಗುರುವಾರ. ನನ್ನ ತವರು ಅಕ್ಕಲಕೋಟ. ಅಲ್ಲಿನ ಸ್ವಾಮಿಯ ಮಠದ ನೆರಳಿನಲ್ಲಿ ಬೆಳೆದವರಿಗೆ ಗುರುವಾರದ ಉಪವಾಸ ಯಾರೂ ಹೇಳಿಕೊಡಬೇಕಿಲ್ಲ. ಬೇರೆ ಗುರುವಾರಗಳಲ್ಲಿ ಸಾಬೂದಾಣಿ ಖಿಚಡಿಯಾದರೂ ನಡೆಯುತ್ತಿತ್ತು. ಅವತ್ತು ಭಯಕ್ಕೆ ನೀರನ್ನೂ ಬಿಟ್ಟೆ. ಗುಳಿಗೆ ನುಂಗಿದರೆ ವ್ರತ ಕೆಡುತ್ತದೆಂದು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ. ನಾವು ಕಷ್ಟಪಟ್ಟಷ್ಟೂ ದೇವರು ಬೇಗ ಒಲಿಯುತ್ತಾನೆಂದು ನನಗೆ ಯಾರು ಹೇಳಿದ್ದರೋ...

ಆಸ್ಪತ್ರೆಯ ಮುಂದೆ ರಿಕ್ಷಾ ಇಳಿಯುವಾಗ ಕಣ್ಣಿಗೆ ಕತ್ತಲೆ ಬಂತು. ಜೊತೆಗಿದ್ದ ಮಾವಶಿ ತೋಳು ಹಿಡಿದುಕೊಂಡರು. ನನ್ನ ಒಣಗಿದ ತುಟಿ ನೋಡಿದರು.

"ಏನ ಉಂಡ ಬಂದಿ?"

"ಇವತ್ತ ಗುರುವಾರ ಅದ ಮಾವಶಿ..."

"ಗುಳಿಗಿ?"

ಸೆರಗಿನ ಗಂಟು ತೋರಿಸಿದೆ. ಬೈಯುತ್ತಾರೆಂದುಕೊಂಡೆ. ಬೈಯಲಿಲ್ಲ. ಅಂಗಳದ ಕಟ್ಟೆಯ ಮೇಲೆ ಕೂರಿಸಿ, ತಮಗೆಂದು ತಂದಿದ್ದ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರಿನ ಬುತ್ತಿ ಬಿಚ್ಚಿದರು. ನಾನು ಕೈ ಹಿಂದಕ್ಕೆಳೆದುಕೊಂಡೆ. ಆಗ ಅವರು ನನ್ನ ಅಂಗೈಗೆ ನೀರು ಹಾಕಿ, ಅದು ತಮ್ಮ ಬೊಗಸೆಗೆ ಇಳಿಯುವ ಹಾಗೆ ಬಾಗಿಸಿದರು. ಧಾರೆ ಎರೆದು ದಾನ ಕೊಡುವ ರೀತಿಯಲ್ಲಿ.

"ನಿನ್ನ ಉಪಾಸ ನನಗ ಕೊಟ್ಟಿ. ರಿಪೋರ್ಟ ಬರೂತನಾ ನಾ ಹಿಡಿತೀನಿ. ನೀ ಉಣ್ಣು."

"ಹಂಗ ಕೊಡಾಕ ಬರ್ತದೇನ? ಸ್ವಾಮಿ ಸಿಟ್ಟಾದರ?"

"ನಮ್ಮ ಬೀರೋಬಾ, ನಿಮ್ಮ ಸ್ವಾಮಿ, ಇಬ್ಬರೂ ತಮ್ಮತಮ್ಮೊಳಗ ಬಗಿಹರಿಸಿಕೋತಾರ. ನಿನಗ್ಯಾಕ ಅದರ ಉಸಾಬರಿ?"

ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು. ರೊಟ್ಟಿಯನ್ನು ಮೊಸರಿನಲ್ಲಿ ನೆನೆಸಿ ತಿಂದೆ, ಗುಳಿಗೆ ನುಂಗಿದೆ. ಅಷ್ಟರಲ್ಲಿ ಮಾವಶಿ ಒಳಗೆ ಹೋಗಿ, ನಡೆದದ್ದನ್ನು ಹೇಳಿ, ನನ್ನ ಸರದಿಯನ್ನು ಒಂದು ತಾಸು ಮುಂದೂಡಿಸಿ ಬಂದರು.

ಒಳಗೆ ಅವರನ್ನೂ ಬಿಟ್ಟರು. ಮಲಗಿ ಕಾಲು ಎತ್ತಿಟ್ಟ ಕೂಡಲೇ ನನ್ನ ಮೈಯೆಲ್ಲ ಬಿಗಿಯಿತು. ತಲೆಯ ಕಡೆ ನಿಂತಿದ್ದ ಮಾವಶಿ ನನ್ನ ದವಡೆಯನ್ನು ಮೆಲ್ಲಗೆ ಸವರತೊಡಗಿದರು.

"ಉಣ್ಣಿ ಕತ್ತರಸೂಮುಂದ ಕುರಿಗಿ ಹಿಂಗs ಮಾಡತಿದ್ದೆ. ದವಡಿ ಸಡಲ ಬಿಡು, ಮೈ ತಾನs ಸಡಲ ಆಗತದ."

ಮೇಡಂ ನಕ್ಕರು. "ಬರಾಬರ್ ಅದ, ಹಂಗs ಇರ್ರಿ. ನಾ ಅಂದಾಗ ಒಮ್ಮಿ ಜೋರಾಗಿ ಕೆಮ್ಮರಿ," ಎಂದರು. ಔಷಧ ಹಚ್ಚಿದಾಗ ಉರಿಯಿತು. ಕೆಮ್ಮಿದೆ. ಒಳಗೆ ಚಿವುಟಿದಂತಾಯಿತು, ಆಮೇಲೆ ಮುಟ್ಟಿನ ಮೊದಲ ದಿನದಂಥ ಹಿಂಡುವ ನೋವು. ನೋವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅಷ್ಟು ದಿನ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ನೋವಿನ ಮುಂದೆ ಅದು ಸಣ್ಣದು.

ರಿಪೋರ್ಟಿಗಾಗಿ ಕಾಯುವುದೇ ಹೆಚ್ಚು ದಣಿಸಿತು. ಆ ಗುರುವಾರಗಳಲ್ಲಿ ಮಾವಶಿ ಊಟ ಬಿಟ್ಟರು, ಚಹಾ ಬಿಟ್ಟರು, ಜೀವಕ್ಕೆ ಜೀವವಾಗಿದ್ದ ತಂಬಾಕನ್ನೂ ಬಿಟ್ಟರು. ಸಿಡಿಮಿಡಿ ಮಾತ್ರ ಬಿಡಲಿಲ್ಲ, ಓಣಿಯವರೆಲ್ಲ ಬೈಸಿಕೊಂಡರು. ಕೊನೆಗೆ ರಿಪೋರ್ಟ್ ಬಂತು. ಕ್ಯಾನ್ಸರ್ ಇಲ್ಲ, ಆದರೆ ವರ್ಷಕ್ಕೊಮ್ಮೆ ತೋರಿಸುತ್ತಿರಬೇಕು. ಪೇಢೆ ಒಯ್ದುಕೊಟ್ಟು, ನನ್ನ ಉಪವಾಸ ನನಗೆ ತಿರುಗಿ ಕೊಡಿ ಎಂದೆ.

"ಇರಲಿ ನನ್ನ ಕಡಿನs. ನಿನಗ ಕೊಟ್ರ ಮತ್ತ ಖಾಲಿ ಹೊಟ್ಟಿಲೆ ದವಾಖಾನಿಗಿ ಹೋಗತಿ," ಎಂದರು.

ಆಮೇಲಿನ ಪ್ರತಿ ವರ್ಷವೂ ಜೊತೆಗೆ ಬಂದರು. ಹೋದ ದೀಪಾವಳಿಯ ಮುಂಚೆ, ಒಂದು ಮುಂಜಾನೆ, ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ... ನನಗೆ ಸೂತಕವಿರಲಿಲ್ಲ. ಬಳಗದ ಲೆಕ್ಕದಲ್ಲಿ ಅವರು ನನಗೆ ಏನೂ ಆಗಬೇಕಿರಲಿಲ್ಲ. ಮಣ್ಣು ಮುಗಿಸಿ ಬಂದು, ಸ್ನಾನ ಮಾಡಿ, ಮನೆಯವರಿಗೆಲ್ಲ ರೊಟ್ಟಿ ಬಡಿದೆ. ಅವತ್ತಿನ ಆಯಾಸ ಇನ್ನೂ ಮೈಯಿಂದ ಇಳಿದಿಲ್ಲ.

ಈ ವರ್ಷದ ತಪಾಸಣೆ ಸರಿ ಬರಲಿಲ್ಲ. ಮತ್ತೆ ಚೂರು ತೆಗೆಯಬೇಕೆಂದರು, ಹೋದ ವಾರ ಹೋಗಿ ಕೂತಿದ್ದು ಅದಕ್ಕೇ. ಈಗ ನನಗೆ ಎಲ್ಲ ಗೊತ್ತು. ಉಂಡು ಬಂದಿದ್ದೆ, ಹೊತ್ತಿಗೆ ಸರಿಯಾಗಿ ಗುಳಿಗೆ ನುಂಗಿದ್ದೆ. ನಮ್ಮ ಯಜಮಾನರೂ ಈಗ ಅಂಗಡಿಯ ನೆಪ ಹೇಳುವುದಿಲ್ಲ. ಪಾಪ, ತಾವೇ ಕಾರು ನಡೆಸಿಕೊಂಡು ಬಂದು, ನನ್ನ ಚೀಲ ತೊಡೆಯ ಮೇಲಿಟ್ಟುಕೊಂಡು ಹೊರಗಿನ ಕುರ್ಚಿಯಲ್ಲಿ ಕೂತಿದ್ದರು. ಹೆಸರು ಕೂಗಿದರು. ಎದ್ದು ಒಳಗೆ ಹೋದೆ.

ಹೊಸದಾಗಿ ಸೇರಿದ ಸಿಸ್ಟರ್ ಪರದೆ ಎಳೆಯುತ್ತ ಕೇಳಿದಳು, "ಸಂಗಟ ಯಾರ ಬಂದಾರ್ರಿ?"

ತಲೆಯ ಕಡೆಯ ಖಾಲಿ ಜಾಗ ನೋಡಿ, "ಯಾರೂ ಇಲ್ಲ ತಂಗಿ," ಎಂದೆ.